ಅಸ್ಥಿಮಜ್ಜೆ ಕಸಿಯಾದ ಮೇಲೆ ರಕ್ತದ ಕೌಂಟ್ ಓದುವ ಬಗೆ

ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ, ಅಂದರೆ ಕಾಂಡಕೋಶ ಕಸಿ, ಮಾಡಿಸಿಕೊಂಡವರ ಮನೆಯಲ್ಲಿ ತಿಂಗಳುಗಟ್ಟಲೆ ಕೇಳಿಬರುವ ಮಾತು ಒಂದೇ: "ಇವತ್ತು ಕೌಂಟ್ ಎಷ್ಟು ಬಂತು?" ಏರಿದ್ದರೆ ಎಲ್ಲರಿಗೂ ಊಟ ರುಚಿಸುತ್ತದೆ, ಇಳಿದಿದ್ದರೆ ಯಾರಿಗೂ ನಿದ್ದೆ ಹತ್ತುವುದಿಲ್ಲ. ಆ ಅಂಕಿಗೆ ಅಷ್ಟು ಬೆಲೆ ಕೊಡುವುದು ತಪ್ಪೇನಲ್ಲ. ಕಸಿಯ ನಂತರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಎಷ್ಟು ಬೇಗ ಮರಳಿದವು, ಪ್ಲೇಟ್‌ಲೆಟ್‌ಗಳು ನಿಂತವೋ ಕುಸಿದವೋ ಎಂಬುದಕ್ಕೂ ರೋಗಿಯ ಮುಂದಿನ ಆರೋಗ್ಯಕ್ಕೂ ನಂಟಿದೆ ಎಂದು ಕಳೆದ ಎರಡು-ಮೂರು ದಶಕಗಳ ಸಂಶೋಧನೆ ತೋರಿಸಿದೆ. ಆದರೆ ಆ ನಂಟನ್ನು ಭವಿಷ್ಯವಾಣಿ ಎಂದು ಓದಿದರೆ ಅನಾವಶ್ಯಕ ಭಯವೋ ಸುಳ್ಳು ನೆಮ್ಮದಿಯೋ ಉಳಿಯುತ್ತದೆ. ಒಂದು ದಿನದ ಒಂದು ಅಂಕಿಯಿಂದ ತೀರ್ಮಾನಕ್ಕೆ ಬರಬಾರದು. ಕಸಿಯಾಗಿ ಎಷ್ಟನೆಯ ದಿನ, ಯಾವ ಔಷಧಿ ನಡೆಯುತ್ತಿದೆ, ಕೆಲವು ವಾರಗಳಿಂದ ಅಂಕಿ ಯಾವ ಕಡೆಗೆ ಸಾಗಿದೆ ಎಂಬ ಮೂರನ್ನೂ ಸೇರಿಸಿ ಓದಿದಾಗ ಮಾತ್ರ ಕೌಂಟ್ ಉಪಯೋಗಕ್ಕೆ ಬರುತ್ತದೆ. ಹಾಗೆ ಓದಲು ರೋಗಿಗಳಿಗೂ ಮನೆಯವರಿಗೂ ಕಲಿಸಬಹುದು, ಕಲಿಸಲೇಬೇಕು ಎಂಬುದು ಈ ಲೇಖನದ ವಾದ.

ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಇಂದು ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ಇದು ನಡೆಯುತ್ತದೆ. ಕಸಿಯಲ್ಲಿ ಮುಖ್ಯವಾಗಿ ಎರಡು ಬಗೆ. ರೋಗಿಯದೇ ಕಾಂಡಕೋಶಗಳನ್ನು ಮೊದಲೇ ತೆಗೆದಿಟ್ಟು, ಭಾರಿ ಪ್ರಮಾಣದ ಕಿಮೊಥೆರಪಿ ಕೊಟ್ಟ ಮೇಲೆ ಮರಳಿ ಕೊಡುವುದು ಸ್ವಕಸಿ. ಮಲ್ಟಿಪಲ್ ಮೈಲೋಮಾ ಮತ್ತು ಲಿಂಫೋಮಾಗಳಲ್ಲಿ ಹೆಚ್ಚಾಗಿ ಮಾಡುವುದು ಇದನ್ನೇ. ಒಡಹುಟ್ಟಿದವರಿಂದಲೋ, ತಂದೆ, ತಾಯಿ, ಮಕ್ಕಳಿಂದಲೋ, ಸಂಬಂಧವಿಲ್ಲದ ದಾನಿಯಿಂದಲೋ ಕೋಶಗಳನ್ನು ಪಡೆಯುವುದು ದಾನಿಕಸಿ. ಲ್ಯುಕೇಮಿಯಾಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಇದು. ಸ್ವಕಸಿಯಲ್ಲಿ ಕ್ಯಾನ್ಸರನ್ನು ಬಡಿಯುವ ಮುಖ್ಯ ಅಸ್ತ್ರ ಕಿಮೊಥೆರಪಿಯೇ. ದಾನಿಕಸಿಯಲ್ಲಿ ಅದರ ಜೊತೆಗೆ ದಾನಿಯ ರೋಗನಿರೋಧಕ ಕೋಶಗಳೂ ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಅವೇ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ತಿರುಗಿಬಿದ್ದರೆ ಅದು ಜಿವಿಎಚ್‌ಡಿ ಎಂಬ ತೊಡಕು. ಈ ವ್ಯತ್ಯಾಸ ಗೊತ್ತಿಲ್ಲದೆ ಕೌಂಟ್ ಓದಲಾಗದು. ಒಂದೇ ಅಂಕಿಗೆ ಎರಡು ಬಗೆಯ ಕಸಿಯಲ್ಲಿ ಎರಡು ಅರ್ಥ ಬರಬಹುದು.

ಕಾಂಡಕೋಶಗಳನ್ನು ರಕ್ತನಾಳಕ್ಕೆ ಹರಿಸಿದ ದಿನವನ್ನು ಸೊನ್ನೆ ಎಂದು ಹಿಡಿದು, ಅಲ್ಲಿಂದ ಮುಂದೆ ದಿನ ಎಣಿಸುತ್ತಾರೆ. ಮೊದಲ ಒಂದೆರಡು ವಾರ ಬಿಳಿ ರಕ್ತಕಣಗಳು ಸೊನ್ನೆಯ ಹತ್ತಿರಕ್ಕೆ ಇಳಿಯುವುದು ನಿರೀಕ್ಷಿತ. ಅವುಗಳಲ್ಲಿ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು ಸತತ ಮೂರು ದಿನ ಮೈಕ್ರೋಲೀಟರಿಗೆ 500ರಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ, ಆ ಮೂರರಲ್ಲಿ ಮೊದಲನೆಯದನ್ನು ಕಸಿ ಹಿಡಿದ ದಿನವೆಂದು ಗುರುತಿಸುತ್ತಾರೆ. ಏಳು ದಿನ ಹೊರಗಿನಿಂದ ಪ್ಲೇಟ್‌ಲೆಟ್ ಕೊಡದೆಯೂ 20,000ಕ್ಕಿಂತ ಮೇಲೆ ನಿಂತರೆ ಪ್ಲೇಟ್‌ಲೆಟ್‌ಗಳೂ ಹಿಡಿದವು ಎಂದರ್ಥ. ಸ್ವಕಸಿಯಲ್ಲಿ ನ್ಯೂಟ್ರೋಫಿಲ್‌ಗಳು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಮೇಲೇಳುತ್ತವೆ. ದಾನಿಕಸಿಯಲ್ಲಿ ಎರಡು-ಮೂರು ವಾರ, ಹೊಕ್ಕುಳಬಳ್ಳಿಯ ರಕ್ತದ ಕಸಿಯಲ್ಲಿ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹೊಸ ಕೋಶಗಳು ಮಜ್ಜೆಯಲ್ಲಿ ಬೇರೂರಿವೆ ಎಂದಷ್ಟೇ ಈ ಹಂತ ತಿಳಿಸುತ್ತದೆ. ಕ್ಯಾನ್ಸರ್ ಮರುಕಳಿಸುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ.

ವರದಿಯ ಹಾಳೆಯಲ್ಲಿ ಏನಿದೆ

ಕೌಂಟ್ ಎಂದಾಗ ಹೆಚ್ಚಿನವರು ನೋಡುವುದು ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು. ಕಸಿಯಾದವರಿಗೆ ಅದಕ್ಕಿಂತ ಮುಖ್ಯವಾದದ್ದು ಅದರ ಕೆಳಗೆ ಶೇಕಡಾವಾರು ಬರೆದಿರುವ ಡಿಫರೆನ್ಷಿಯಲ್ ಕೌಂಟ್. ಶೇಕಡಾವಾರು ಅಂಕಿಯನ್ನು ಹಾಗೆಯೇ ಓದಿದರೆ ದಾರಿ ತಪ್ಪುತ್ತದೆ. ಅದನ್ನು ನಿಜವಾದ ಸಂಖ್ಯೆಗೆ ತಿರುಗಿಸಿಕೊಳ್ಳಬೇಕು. ಒಟ್ಟು ಕೌಂಟ್ 2,400 ಇದ್ದು, ನ್ಯೂಟ್ರೋಫಿಲ್ ಶೇ 60, ಲಿಂಫೋಸೈಟ್ ಶೇ 20 ಎಂದಿದೆ ಎನ್ನೋಣ. 2,400ರಲ್ಲಿ ಶೇ 60 ಅಂದರೆ 1,440 ನ್ಯೂಟ್ರೋಫಿಲ್, ಶೇ 20 ಅಂದರೆ 480 ಲಿಂಫೋಸೈಟ್. ಇದೇ ಶೇ 20 ಒಟ್ಟು ಕೌಂಟ್ 6,000 ಇರುವವರಲ್ಲಿ 1,200 ಆಗುತ್ತದೆ. ಸಂಶೋಧನೆಗಳು ಮಾತಾಡುವುದು ಈ ನಿಜ ಸಂಖ್ಯೆಯ ಬಗ್ಗೆ. ಮಾನಗಳ ಗೊಂದಲವೂ ಸಣ್ಣದಲ್ಲ. ಒಂದು ಲ್ಯಾಬ್ ಪ್ಲೇಟ್‌ಲೆಟ್ 45,000 ಎಂದು ಬರೆದರೆ ಇನ್ನೊಂದು 0.45 ಲಕ್ಷ ಎನ್ನುತ್ತದೆ, ಮತ್ತೊಂದು ಸಾವಿರಗಳ ಲೆಕ್ಕದಲ್ಲಿ ಬರೀ 45 ಎಂದು ಮುದ್ರಿಸುತ್ತದೆ, ಮೂರೂ ಒಂದೇ. ಘನ ಮಿಲಿಮೀಟರ್ ಎಂದರೂ ಮೈಕ್ರೋಲೀಟರ್ ಎಂದರೂ ಅಳತೆ ಒಂದೇ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲೋ ಕೆಂಪಿನಲ್ಲೋ ಕಾಣುವ 'ಕಡಿಮೆ' ಎಂಬ ಗುರುತು ಆರೋಗ್ಯವಂತರ ಮಟ್ಟಕ್ಕೆ ಹೋಲಿಸಿ ಯಂತ್ರ ಹಾಕಿದ್ದು. ಕಸಿಯಾದ ಇಪ್ಪತ್ತನೆಯ ದಿನದಲ್ಲಿರುವವರಿಗೆ ಆ ಹೋಲಿಕೆಯೇ ಅನ್ವಯಿಸುವುದಿಲ್ಲ.

ಅಂಕಿ ಬದಲಾದಾಗಲೆಲ್ಲ ದೇಹದಲ್ಲಿ ಬದಲಾವಣೆ ಆಗಿದೆ ಎಂದು ಹೇಳಲೂ ಬರುವುದಿಲ್ಲ. ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಎಂಬ ರಾಸಾಯನಿಕದಿಂದಾಗಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಆ ಗೊಂಚಲನ್ನು ಒಂದೇ ಕೋಶವೆಂದು ಎಣಿಸಿ ಸುಳ್ಳು ಇಳಿಕೆ ತೋರಿಸುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಥವಾ ಸಿಟ್ರೇಟ್ ಇರುವ ನಳಿಕೆಯಲ್ಲಿ ಮತ್ತೆ ಪರೀಕ್ಷಿಸಿದರೆ ಇದು ಬಯಲಾಗುತ್ತದೆ. ಎದೆಗೋ ತೋಳಿಗೋ ಹಾಕಿರುವ ಲೈನಿನಿಂದ ರಕ್ತ ತೆಗೆಯುವಾಗ ಮೊದಲ ಕೆಲವು ಮಿಲಿಲೀಟರ್ ಚೆಲ್ಲದಿದ್ದರೆ, ಒಳಗಿದ್ದ ದ್ರವ ಬೆರೆತು ಎಲ್ಲ ಅಂಕಿಗಳೂ ಒಟ್ಟಿಗೆ ಕುಸಿದಂತೆ ಕಾಣುತ್ತವೆ. ನಿನ್ನೆ ಪ್ಲೇಟ್‌ಲೆಟ್ ಕೊಟ್ಟಿದ್ದರೆ ಇಂದಿನ ಅಂಕಿ ರೋಗಿಯ ಸ್ವಂತದ್ದಲ್ಲ, ದಾನಿಯ ಕೊಡುಗೆಯೂ ಅದರಲ್ಲಿ ಸೇರಿದೆ. ಹಾಗಾಗಿ ಹಠಾತ್ ಕುಸಿತ ಕಂಡಾಗ ಪರೀಕ್ಷೆಯನ್ನು ತಡಮಾಡದೆ ಮತ್ತೆ ಮಾಡಿಸುವುದು ಒಳ್ಳೆಯದು. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಹೋಲಿಕೆ ಸುಲಭ.

ಲಿಂಫೋಸೈಟ್ ಕೊಟ್ಟ ಸುಳಿವು

ಇಷ್ಟು ಸಾಮಾನ್ಯವಾದ ಪರೀಕ್ಷೆಯಲ್ಲಿ ಮುಂದಿನ ಆರೋಗ್ಯದ ಸುಳಿವೂ ಅಡಗಿರಬಹುದು ಎಂಬ ವಿಚಾರಕ್ಕೆ ಬಲ ಬಂದದ್ದು 2001ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಲೂಯಿಸ್ ಪೊರ್ರಾಟಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಿಂದ. ಸ್ವಕಸಿ ಮಾಡಿಸಿಕೊಂಡ ಮೈಲೋಮಾ ಮತ್ತು ನಾನ್-ಹಾಜ್‌ಕಿನ್ ಲಿಂಫೋಮಾ ರೋಗಿಗಳಲ್ಲಿ ಹದಿನೈದನೆಯ ದಿನದ ಲಿಂಫೋಸೈಟ್ ಸಂಖ್ಯೆಯನ್ನು ಅವರು ನೋಡಿದರು. ಆ ದಿನ 500 ಅಥವಾ ಹೆಚ್ಚು ಇದ್ದವರು, ಅದಕ್ಕಿಂತ ಕಡಿಮೆ ಇದ್ದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಮೈಲೋಮಾ ರೋಗಿಗಳಲ್ಲಿ ಮೊದಲ ಗುಂಪಿನ ಮಧ್ಯಮ ಬದುಕುಳಿಕೆ 33 ತಿಂಗಳು, ಎರಡನೆಯ ಗುಂಪಿನದು 12 ತಿಂಗಳು. ವಿಶೇಷ ಸಲಕರಣೆಯಾಗಲಿ ದುಬಾರಿ ಪರೀಕ್ಷೆಯಾಗಲಿ ಇಲ್ಲದೆ, ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ರಕ್ತಪರೀಕ್ಷೆಯಿಂದ ಈ ವ್ಯತ್ಯಾಸ ಕಂಡದ್ದು ತಜ್ಞರ ಗಮನ ಸೆಳೆಯಿತು. ಇದಕ್ಕೂ ಮೊದಲೇ, 1998ರಲ್ಲಿ, ಬ್ರಿಟನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ತಂಡ ದಾನಿಕಸಿ ಮಾಡಿಸಿಕೊಂಡ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳಲ್ಲೂ ಇಂಥದೇ ನಂಟನ್ನು ಗುರುತಿಸಿತ್ತು: ಆರಂಭದ ವಾರಗಳಲ್ಲಿ ಲಿಂಫೋಸೈಟ್ ನಿಧಾನವಾಗಿ ಏರಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚಾಗಿತ್ತು.

ಇದಕ್ಕೆ ಜೀವಶಾಸ್ತ್ರದಲ್ಲಿ ಒಪ್ಪುವಂಥ ಕಾರಣವಿದೆ. ಲಿಂಫೋಸೈಟ್ ಎಂಬುದು ಒಂದೇ ಜಾತಿಯ ಕೋಶವಲ್ಲ. ಕಸಿಯ ನಂತರ ಮೊದಲು ಮರಳುವವು ನ್ಯಾಚುರಲ್ ಕಿಲ್ಲರ್ ಕೋಶಗಳು. ಮೊದಲ ತಿಂಗಳಲ್ಲೇ ಅವು ಸಾಕಷ್ಟು ತುಂಬಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳನ್ನೂ ವೈರಸ್ ಹೊಕ್ಕ ಕೋಶಗಳನ್ನೂ ಮುಂಚಿತ ತರಬೇತಿ ಇಲ್ಲದೆ ಕೊಲ್ಲಬಲ್ಲವು ಇವು. ಟಿ ಕೋಶಗಳಲ್ಲಿ ಸಿಡಿ8 ಬಗೆಯವು ಬೇಗ ಬರುತ್ತವೆ, ಸಿಡಿ4 ಬಗೆಯವು ಸರಿಯಾದ ಮಟ್ಟಕ್ಕೆ ಬರಲು ವರ್ಷವೇ ಬೇಕಾಗಬಹುದು. ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೂ ಆರು ತಿಂಗಳಿಂದ ವರ್ಷದ ತನಕ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಹದಿನೈದನೆಯ ದಿನದ ಲಿಂಫೋಸೈಟ್ ಅಂಕಿ ಬಹುಮಟ್ಟಿಗೆ ಈ ಮೊದಲ ಕಾವಲು ಪಡೆಯ ಬಲವನ್ನು ಸೂಚಿಸುತ್ತದೆ. ಕಿಮೊಥೆರಪಿಯಿಂದ ಕ್ಯಾನ್ಸರ್ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುವ ಹೊತ್ತಿಗೆ ಆ ಪಡೆ ಸಿದ್ಧವಾಗಿದ್ದರೆ ಅಳಿದುಳಿದದ್ದನ್ನು ಹತೋಟಿಯಲ್ಲಿಡಬಹುದು ಎಂಬುದು ಸಂಶೋಧಕರ ವಿವರಣೆ. ಮುಂದೆ ಇದೇ ಜಾಡಿನಲ್ಲಿ ನೂರನೆಯ ದಿನದಲ್ಲಿ ಲಿಂಫೋಸೈಟ್ ಮತ್ತು ಮಾನೋಸೈಟ್‌ಗಳ ಅನುಪಾತವನ್ನೂ ನೋಡತೊಡಗಿದರು. ಮಾನೋಸೈಟ್‌ಗಳಲ್ಲಿ ಕೆಲವು ಬಗೆಯವು ಗೆಡ್ಡೆ ಬೆಳೆಯಲು ನೆರವಾಗುವುದರಿಂದ, ಕಾಯುವವರು ಎಷ್ಟು, ಎದುರಾಳಿಗೆ ನೆರವಾಗುವವರು ಎಷ್ಟು ಎಂಬ ಲೆಕ್ಕ ಒಂದೇ ಅಂಕಿಯಲ್ಲಿ ಸಿಗುತ್ತದೆ ಎಂಬ ಯೋಚನೆ ಅದರ ಹಿಂದಿದೆ.

ಆದರೆ 2001ರ ಆ ಅಂಕಿಗಳನ್ನು ಇಂದಿನ ರೋಗಿಯ ಮೇಲೆ ಹಾಗೆಯೇ ಹೇರುವುದು ತಪ್ಪು. ಬಾರ್ಟೆಜೋಮಿಬ್, ಲೆನಾಲಿಡೊಮೈಡ್ ಮುಂತಾದ ಔಷಧಿಗಳು ಬಂದ ಮೇಲೆ ಮೈಲೋಮಾ ರೋಗಿಗಳ ಆಯುಷ್ಯ ಬಹಳ ಹೆಚ್ಚಿದೆ. 33 ತಿಂಗಳು, 12 ತಿಂಗಳು ಎಂಬುವು ಅವಕ್ಕಿಂತ ಹಿಂದಿನ ಕಾಲದವು. ಗಡಿರೇಖೆಯೂ ಎಲ್ಲ ಕಡೆ ಒಂದೇ ಆಗಿಲ್ಲ. ಕೆಲವು ಅಧ್ಯಯನಗಳು ಹದಿನೈದನೆಯ ದಿನ ನೋಡಿದವು, ಕೆಲವು ಮೂವತ್ತನೆಯ ದಿನ; ಕೆಲವು 200 ಎಂದವು, ಕೆಲವು 500 ಎಂದವು. ದಾನಿಕಸಿಯಲ್ಲಂತೂ ಲಿಂಫೋಸೈಟ್‌ಗಳನ್ನು ವೈದ್ಯರೇ ಬೇಕೆಂದು ಅದುಮಿಡುತ್ತಾರೆ. ಜಿವಿಎಚ್‌ಡಿ ತಡೆಯಲು ಕೊಡುವ ಎಟಿಜಿ ಆಗಲಿ, ಕಸಿಯ ನಂತರ ಮೂರು ಮತ್ತು ನಾಲ್ಕನೆಯ ದಿನ ಕೊಡುವ ಸೈಕ್ಲೋಫಾಸ್ಫಮೈಡ್ ಆಗಲಿ ಲಿಂಫೋಸೈಟ್ ಮರಳುವುದನ್ನು ತಡಮಾಡುತ್ತವೆ. ಸೈಕ್ಲೋಫಾಸ್ಫಮೈಡ್‌ನ ಈ ವಿಧಾನದಿಂದಲೇ ಅರ್ಧ ಹೊಂದಾಣಿಕೆಯ ದಾನಿಯಿಂದಲೂ, ಅಂದರೆ ತಂದೆ, ತಾಯಿ, ಮಕ್ಕಳಿಂದಲೂ ಕಸಿ ಸುರಕ್ಷಿತವಾಯಿತು. ಅಂಥ ಕಸಿಯಲ್ಲಿ ಮೂವತ್ತನೆಯ ದಿನ ಲಿಂಫೋಸೈಟ್ ಕಡಿಮೆ ಇದ್ದರೆ ಅದು ಚಿಕಿತ್ಸೆಯ ಫಲವಿರಬಹುದು, ಕೆಟ್ಟ ಸೂಚನೆಯಾಗಿರಬೇಕಿಲ್ಲ. ಅದೇ ರೀತಿ, ಸೈಟೊಮೆಗಾಲೊ ವೈರಸ್ ಎದ್ದಾಗ ಲಿಂಫೋಸೈಟ್ ಏರುವುದುಂಟು. ಏರಿಕೆಯೆಲ್ಲ ಶುಭವೇ ಆಗಬೇಕಿಲ್ಲ. ಸ್ಟೀರಾಯ್ಡ್ ಶುರುಮಾಡಿದರೆ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತದೆ. ಆಗ ಅನುಪಾತಗಳೆಲ್ಲ ಬುಡಮೇಲಾಗುತ್ತವೆ.

ಪ್ಲೇಟ್‌ಲೆಟ್ ಏಕೆ ಮುಖ್ಯ

ಪ್ಲೇಟ್‌ಲೆಟ್ ಇಳಿದರೆ ರಕ್ತಸ್ರಾವವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಸಿಯ ನಂತರ ಪ್ಲೇಟ್‌ಲೆಟ್ ದೇಹದ ಒಟ್ಟು ಸ್ಥಿತಿಯ ಸೂಚಕವೂ ಹೌದು. ದೀರ್ಘಕಾಲದ ಜಿವಿಎಚ್‌ಡಿ ಪತ್ತೆಯಾದ ಸಮಯದಲ್ಲಿ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ ಅಪಾಯ ಹೆಚ್ಚು ಎಂಬುದು 1980ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನ ಕಸಿ ತಂಡದ ಕೆಲಸದಿಂದ ತಿಳಿದಿತ್ತು, ನಂತರವೂ ಬೇರೆ ಬೇರೆ ಕೇಂದ್ರಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಈ ಕ್ಷೇತ್ರದಲ್ಲಿ ಇಷ್ಟು ಕಾಲ ನಿಂತ ಗುರುತುಗಳು ಹೆಚ್ಚಿಲ್ಲ. ಸೋಂಕು, ಔಷಧಿ, ಮಜ್ಜೆಯ ದುರ್ಬಲತೆ, ರಕ್ತನಾಳಗಳ ಒಳಪದರಕ್ಕೆ ಆದ ಹಾನಿ, ಇವುಗಳಲ್ಲಿ ಯಾವುದು ಇದ್ದರೂ ಪ್ಲೇಟ್‌ಲೆಟ್ ಇಳಿಯುವುದರಿಂದ, ಒಂದೇ ಅಂಕಿ ಹಲವು ತೊಂದರೆಗಳ ಒಟ್ಟು ಭಾರವನ್ನು ಹೇಳುತ್ತದೆ.

ರಕ್ತನಾಳಗಳ ಒಳಪದರದ ಹಾನಿಯನ್ನೇ ಅಳೆಯಲು ಜರ್ಮನಿಯ ಹೈಡೆಲ್‌ಬರ್ಗ್‌ನ ತಜ್ಞರು ಮುಂದಾಳತ್ವ ವಹಿಸಿ 2017ರಲ್ಲಿ ಈಸಿಕ್ಸ್ ಎಂಬ ಸೂಚ್ಯಂಕ ಪ್ರಕಟಿಸಿದರು. ಅದರ ಲೆಕ್ಕ ಹೈಸ್ಕೂಲು ಗಣಿತದಷ್ಟೇ: ರಕ್ತದಲ್ಲಿನ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟವನ್ನು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್‌ನಿಂದ ಗುಣಿಸಿ, ಸಾವಿರಗಳ ಲೆಕ್ಕದ ಪ್ಲೇಟ್‌ಲೆಟ್‌ನಿಂದ ಭಾಗಿಸಬೇಕು. ಎಲ್‌ಡಿಎಚ್ 250, ಕ್ರಿಯಾಟಿನಿನ್ 0.8, ಪ್ಲೇಟ್‌ಲೆಟ್ ಎರಡು ಲಕ್ಷ ಇದ್ದರೆ ಉತ್ತರ 1. ಎಲ್‌ಡಿಎಚ್ 450, ಕ್ರಿಯಾಟಿನಿನ್ 1.2, ಪ್ಲೇಟ್‌ಲೆಟ್ 30,000 ಆದರೆ ಉತ್ತರ 18. ಒಂದೊಂದು ಅಂಕಿಯನ್ನು ಬಿಡಿಬಿಡಿಯಾಗಿ ನೋಡಿದಾಗ ಕಾಣದ ಬದಲಾವಣೆ ಮೂರೂ ಒಂದೇ ಕಡೆಗೆ ಸರಿದಾಗ ಎದ್ದು ಕಾಣುತ್ತದೆ. ತೀವ್ರ ಜಿವಿಎಚ್‌ಡಿ ಶುರುವಾದಾಗ ಈ ಸೂಚ್ಯಂಕ ಹೆಚ್ಚಿದ್ದವರ ಬದುಕುಳಿಕೆ ಕಡಿಮೆ ಇತ್ತು. ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ಎರಡೂ ಇಳಿದು ಎಲ್‌ಡಿಎಚ್ ಏರಿದರೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತೊಡಕೊಂದನ್ನು ವೈದ್ಯರು ಅನುಮಾನಿಸುತ್ತಾರೆ. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ನೋಡುವ ಸ್ಮಿಯರ್ ಪರೀಕ್ಷೆಯಲ್ಲಿ ಹರಿದ ಕೆಂಪು ರಕ್ತಕಣಗಳು ಕಂಡರೆ ಆ ಅನುಮಾನ ಬಲವಾಗುತ್ತದೆ. ಮನೆಯಲ್ಲಿ ಕುಳಿತು ಈ ಸೂಚ್ಯಂಕ ಲೆಕ್ಕ ಹಾಕಿ ಹೆದರುವ ಅಗತ್ಯವಿಲ್ಲ. ಆದರೆ ಮೂರೂ ಅಂಕಿಗಳು ಒಂದೇ ಹಾಳೆಯಲ್ಲಿ ವೈದ್ಯರ ಕಣ್ಣಿಗೆ ಬೀಳುವಂತೆ ಬರೆದಿಡುವುದರಿಂದ ಪ್ರಯೋಜನವಿದೆ.

ಉಳಿದ ಅಂಕಿಗಳಿಗೂ ಅವುಗಳದೇ ಸಂದರ್ಭವಿದೆ. ಕಸಿ ಹಿಡಿದ ಮೇಲೆ ನ್ಯೂಟ್ರೋಫಿಲ್ ಮತ್ತೆ ಇಳಿದರೆ ಮೊದಲು ನೋಡಬೇಕಾದದ್ದು ಮಾತ್ರೆಗಳ ಪಟ್ಟಿ. ಸೈಟೊಮೆಗಾಲೊ ವೈರಸ್‌ಗೆ ಕೊಡುವ ವ್ಯಾಲ್‌ಗ್ಯಾನ್‌ಸಿಕ್ಲೋವಿರ್, ನ್ಯುಮೋನಿಯಾ ತಡೆಯಲು ಕೊಡುವ ಕೋಟ್ರೈಮೋಕ್ಸಜೋಲ್, ಮೈಲೋಮಾದಲ್ಲಿ ಮುಂದುವರಿಸುವ ಲೆನಾಲಿಡೊಮೈಡ್ ಎಲ್ಲವೂ ಕೌಂಟ್ ಇಳಿಸಬಲ್ಲವು. ದಾನಿಯ ರಕ್ತದ ಗುಂಪು ಬೇರೆಯಾಗಿದ್ದರೆ ಹಿಮೋಗ್ಲೋಬಿನ್ ಮಾತ್ರ ತಡವಾಗಿ ಏರುವುದುಂಟು. ಇಯೋಸಿನೊಫಿಲ್ ಏರಿದರೆ ಜಿವಿಎಚ್‌ಡಿ ಮೊದಲಾಗುತ್ತಿರಬಹುದು, ಔಷಧಿಯ ಅಲರ್ಜಿಯೂ ಇರಬಹುದು. ವರದಿಯಲ್ಲಿ 'ಬ್ಲಾಸ್ಟ್' (ಬಲಿಯದ ಕೋಶ) ಎಂಬ ಪದ ಕಂಡರೆ ಅದೇ ದಿನ ಕಸಿ ಕೇಂದ್ರಕ್ಕೆ ತಿಳಿಸಬೇಕು. ಆದರೆ ಕೌಂಟ್ ಏರಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಪಡೆದ ದಿನಗಳಲ್ಲಿ ಬಲಿಯದ ಕೋಶಗಳು ತಾತ್ಕಾಲಿಕವಾಗಿ ರಕ್ತಕ್ಕೆ ಬರುತ್ತವೆ ಎಂಬುದೂ ನೆನಪಿರಲಿ.

ಆಕ್ಷೇಪಗಳು

ಗುಂಪಿನ ಸರಾಸರಿಯಿಂದ ನನ್ನ ತಾಯಿಗೆ ಏನಾಗುತ್ತದೆ ಎಂದು ಹೇಳಲು ಬರುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಬರುವುದಿಲ್ಲ. ಕಡಿಮೆ ಲಿಂಫೋಸೈಟ್ ಇದ್ದ ಗುಂಪಿನಲ್ಲೂ ಬಹಳ ವರ್ಷ ಚೆನ್ನಾಗಿ ಬದುಕಿದವರಿರುತ್ತಾರೆ, ಹೆಚ್ಚು ಇದ್ದ ಗುಂಪಿನಲ್ಲೂ ರೋಗ ಮರುಕಳಿಸಿದವರಿರುತ್ತಾರೆ. ರೋಗದ ಬಗೆ, ಕಸಿಗೆ ಹೋಗುವಾಗ ಅದು ಎಷ್ಟು ಹತೋಟಿಯಲ್ಲಿತ್ತು, ಕ್ರೋಮೋಸೋಮುಗಳಲ್ಲಿ ಯಾವ ದೋಷವಿತ್ತು, ವಯಸ್ಸು, ಇತರ ಕಾಯಿಲೆಗಳು, ಇವು ಕೌಂಟ್‌ಗಿಂತ ಬಲವಾದ ಸಂಗತಿಗಳು. ಹಾಗಿದ್ದರೆ ಕೌಂಟ್‌ನ ಸುಳಿವು ವ್ಯರ್ಥವೇ? ಅದೂ ಅಲ್ಲ. ಯಾರನ್ನು ಹೆಚ್ಚು ಹತ್ತಿರದಿಂದ ನೋಡಬೇಕು, ಮುಂದಿನ ಮಜ್ಜೆ ಪರೀಕ್ಷೆಯನ್ನು ಸ್ವಲ್ಪ ಮೊದಲೇ ಮಾಡಬೇಕೇ, ಸೋಂಕು ತಡೆಯುವ ಮಾತ್ರೆಗಳನ್ನು ಎಷ್ಟು ಕಾಲ ಮುಂದುವರಿಸಬೇಕು ಎಂಬ ನಿರ್ಧಾರಗಳಿಗೆ ಅದು ನೆರವಾಗುತ್ತದೆ.

ಲಿಂಫೋಸೈಟ್ ಹೆಚ್ಚಿದ್ದರೆ ಒಳ್ಳೆಯದು ಎಂದಾದರೆ ಅದನ್ನು ಏರಿಸಿಬಿಡಬಾರದೇಕೆ ಎಂಬುದು ಎರಡನೆಯ ಪ್ರಶ್ನೆ. ಬೆಳವಣಿಗೆಯ ಪ್ರಚೋದಕ ಇಂಟರ್‌ಲ್ಯೂಕಿನ್-2 ಕೊಟ್ಟು ಲಿಂಫೋಸೈಟ್‌ಗಳನ್ನು ಕೆರಳಿಸುವ ಪ್ರಯೋಗಗಳು ಸ್ವಕಸಿಯ ನಂತರ ನಡೆದಿವೆ. ನಿರೀಕ್ಷಿಸಿದ ಲಾಭ ಸಿಗಲಿಲ್ಲ. ಜಿ-ಸಿಎಸ್‌ಎಫ್ ಚುಚ್ಚುಮದ್ದು ನ್ಯೂಟ್ರೋಫಿಲ್‌ಗಳನ್ನು ಕೆಲವು ದಿನ ಮೊದಲೇ ಮರಳಿಸುತ್ತದೆ, ಆಸ್ಪತ್ರೆವಾಸವನ್ನೂ ತುಸು ಕಡಿಮೆ ಮಾಡಬಹುದು. ಆದರೆ ಅದರಿಂದ ರೋಗಿಗಳ ಒಟ್ಟು ಆಯುಷ್ಯ ಹೆಚ್ಚಿಲ್ಲ. ಸೂಚಕ ಬೇರೆ, ಕಾರಣ ಬೇರೆ. ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದರೆ ಜ್ವರ ಇಳಿಯುವುದಿಲ್ಲ. ಲಿಂಫೋಸೈಟ್ ಬೇಗ ಮರಳಿದವರಲ್ಲಿ ಮೊದಲಿಂದಲೂ ಮಜ್ಜೆ ಗಟ್ಟಿಯಾಗಿದ್ದಿರಬಹುದು, ಹಿಂದಿನ ಕಿಮೊಥೆರಪಿ ಕಡಿಮೆ ಆಗಿರಬಹುದು, ಸೋಂಕು ಬಾರದೆ ಇದ್ದಿರಬಹುದು. ಅಂಕಿಯನ್ನಷ್ಟೇ ತಿದ್ದಿದರೆ ಇವು ಯಾವುವೂ ಬದಲಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: ಪ್ಲೇಟ್‌ಲೆಟ್‌ಗೆ ಪಪ್ಪಾಯಿ ಎಲೆಯ ರಸ, ರೋಗನಿರೋಧಕ ಶಕ್ತಿಗೆ ಅಮೃತಬಳ್ಳಿಯ ಕಷಾಯ. ಅಕ್ಕರೆಯಿಂದಲೇ ಕೊಡುತ್ತಾರೆ, ಆದರೆ ಕಸಿಯಾದವರಿಗೆ ಇದು ಅಪಾಯ. ದಾನಿಕಸಿಯಲ್ಲಿ ಜಿವಿಎಚ್‌ಡಿ ಬಾರದಂತೆ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿಟ್ಟಿರುವಾಗ ಅದನ್ನು ಕೆರಳಿಸುವ ಯಾವ ವಸ್ತುವೂ ಬೇಡ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು 2021ರಲ್ಲಿ ಮುಂಬೈನಿಂದ ವರದಿಯಾಗಿವೆ. ಹಸಿ ಎಲೆಯ ರಸದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿರುತ್ತವೆ. ನ್ಯೂಟ್ರೋಫಿಲ್ ಕಡಿಮೆ ಇರುವವರಿಗೆ ಅದೇ ಸೋಂಕಿನ ದಾರಿ. ದೇವನಹಳ್ಳಿಯ ಚಕ್ಕೋತವಾಗಲಿ, ಅದರ ಬಳಗದ ಗ್ರೇಪ್‌ಫ್ರೂಟ್ ಆಗಲಿ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಏನೇ ಕೊಡುವ ಮೊದಲು ಕಸಿ ಕೇಂದ್ರವನ್ನು ಕೇಳಬೇಕು.

ಇಷ್ಟೆಲ್ಲ ಮಿತಿಗಳಿದ್ದ ಮೇಲೆ ನಿಖರವಾದ ಪರೀಕ್ಷೆಗಳನ್ನೇ ನಂಬಬಾರದೇ ಎನ್ನುವವರ ಮಾತಿನಲ್ಲೂ ಹುರುಳಿದೆ. ರಕ್ತದಲ್ಲಿ ದಾನಿಯ ಕೋಶಗಳ ಪಾಲೆಷ್ಟು ಎಂದು ತಿಳಿಸುವ ಕೈಮೆರಿಸಂ ಪರೀಕ್ಷೆ, ಲಕ್ಷಾಂತರ ಕೋಶಗಳ ನಡುವೆ ಉಳಿದ ಕೆಲವೇ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಎಂಆರ್‌ಡಿ ಪರೀಕ್ಷೆ, ಮೈಲೋಮಾಕ್ಕೆ ರಕ್ತದ ಎಂ-ಪ್ರೋಟೀನ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಬಿಸಿಆರ್-ಎಬಿಎಲ್, ಲಿಂಫೋಮಾಕ್ಕೆ ಸ್ಕ್ಯಾನ್, ಇವು ರೋಗವನ್ನೇ ನೇರವಾಗಿ ಹುಡುಕುತ್ತವೆ. ಕೌಂಟ್ ಪೂರ್ತಿ ಸರಿಯಾಗಿರುವಾಗಲೇ ಮೈಲೋಮಾ ಮರಳಿ ಬಂದಿರಬಹುದು. ಆದ್ದರಿಂದ ಕೌಂಟ್ ಚೆನ್ನಾಗಿದೆ ಎಂದು ಈ ಪರೀಕ್ಷೆಗಳನ್ನು ಯಾರೂ ತಪ್ಪಿಸಬಾರದು. ಆದರೆ ಅವು ದುಬಾರಿ, ದೊಡ್ಡ ನಗರಗಳಲ್ಲಿ ಮಾತ್ರ ಸಿಗುವಂಥವು, ಕೆಲವು ತಿಂಗಳಿಗೊಮ್ಮೆ ಮಾಡುವಂಥವು. ಬೆಂಗಳೂರಿನಲ್ಲೋ ವೆಲ್ಲೂರಿನಲ್ಲೋ ಕಸಿ ಮಾಡಿಸಿಕೊಂಡು ರಾಯಚೂರಿಗೋ ಶಿರಸಿಗೋ ಮರಳಿದವರಿಗೆ ಆ ಎರಡು ಪರೀಕ್ಷೆಗಳ ನಡುವಿನ ವಾರಗಳಲ್ಲಿ ಕೈಗೆಟಕುವುದು ಕೌಂಟ್ ಒಂದೇ. ಅಗ್ಗವಾಗಿ ಸಿಗುತ್ತದೆ ಎಂದು ಅದನ್ನು ಅರೆಮನಸ್ಸಿನಿಂದ ಓದಬಾರದು. ಬೇರೆ ಪರೀಕ್ಷೆ ಹತ್ತಿರದಲ್ಲಿ ಇಲ್ಲದವರು ಅದನ್ನು ಇನ್ನೂ ಎಚ್ಚರದಿಂದ ಓದಬೇಕು.

ರೋಗಿಗಳಿಗೆ ಇದನ್ನೆಲ್ಲ ಹೇಳಿದರೆ ಗಾಬರಿ ಹೆಚ್ಚುತ್ತದೆ ಎಂಬ ಆಕ್ಷೇಪವನ್ನೂ ಗಂಭೀರವಾಗಿ ಪರಿಗಣಿಸಬೇಕು. ವೈದ್ಯರ ಈ ಆತಂಕದ ಹಿಂದೆ ಕಾಳಜಿಯಿದೆ. ಆದರೆ ಈಗ ವರದಿ ವೈದ್ಯರಿಗಿಂತ ಮೊದಲು ರೋಗಿಯ ಮೊಬೈಲಿಗೆ ಬರುತ್ತದೆ. ಮನೆಯವರು ಅದನ್ನು ಓದಿಯೇ ಓದುತ್ತಾರೆ, ಅರ್ಥವಾಗದ ಅಂಕಿಯನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಓದಬೇಡಿ ಎಂದು ತಡೆಯಲಾಗದ ಮೇಲೆ ಸರಿಯಾಗಿ ಓದಲು ಕಲಿಸುವುದೇ ಉಳಿದ ದಾರಿ. ಇಂದಿನ ಲಿಂಫೋಸೈಟ್ 480 ನಿನ್ನೆಯ 520ಕ್ಕಿಂತ ಕೆಟ್ಟದ್ದಲ್ಲ, ಅಷ್ಟು ಏರಿಳಿತ ಯಾರ ರಕ್ತದಲ್ಲೂ ಇರುತ್ತದೆ ಎಂದು ಮೊದಲೇ ತಿಳಿದಿದ್ದರೆ ಎಷ್ಟೋ ರಾತ್ರಿಗಳ ಸಂಕಟ ತಪ್ಪುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

ಒಂದು ನೋಟ್‌ಬುಕ್ ಇಡಿ. ಪ್ರತಿ ಪರೀಕ್ಷೆಗೂ ಒಂದು ಸಾಲು ಸಾಕು: ತಾರೀಖು, ಕಸಿಯಾಗಿ ಎಷ್ಟನೆಯ ದಿನ, ಹಿಮೋಗ್ಲೋಬಿನ್, ಒಟ್ಟು ಕೌಂಟ್, ಲೆಕ್ಕ ಹಾಕಿದ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಸಂಖ್ಯೆ, ಪ್ಲೇಟ್‌ಲೆಟ್, ಮಾಡಿಸಿದ್ದರೆ ಕ್ರಿಯಾಟಿನಿನ್ ಮತ್ತು ಎಲ್‌ಡಿಎಚ್. ಕೊನೆಯ ಅಂಕಣವನ್ನು ಟಿಪ್ಪಣಿಗೆ ಬಿಡಿ. ರಕ್ತ ಅಥವಾ ಪ್ಲೇಟ್‌ಲೆಟ್ ಕೊಟ್ಟ ದಿನ, ಕೌಂಟ್ ಏರಿಸುವ ಚುಚ್ಚುಮದ್ದಿನ ದಿನ, ಹೊಸ ಮಾತ್ರೆ ಶುರುವಾದ ಅಥವಾ ಪ್ರಮಾಣ ಬದಲಾದ ದಿನ, ಜ್ವರ, ಭೇದಿ, ಚರ್ಮದ ಕೆಂಪು, ಎಲ್ಲವನ್ನೂ ಅಲ್ಲಿ ಬರೆಯಿರಿ. ಅಂಕಿಗಳಿಗಿಂತ ಈ ಅಂಕಣದಿಂದಲೇ ವೈದ್ಯರಿಗೆ ಹೆಚ್ಚು ತಿಳಿಯುವುದುಂಟು. ಮೂರು-ನಾಲ್ಕು ಸಾಲು ತುಂಬಿದ ಮೇಲೆ ಮಾತ್ರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಿ. ಔಷಧಿಯ ಕಾರಣ ಕಾಣದೆ ಎರಡು-ಮೂರು ಪರೀಕ್ಷೆಗಳಲ್ಲಿ ಸತತವಾಗಿ ಇಳಿಯುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ. ಯಾವ ಮಾತ್ರೆಯನ್ನೂ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ.

ಕೆಲವು ಸಂದರ್ಭಗಳಲ್ಲಿ ಸಾಲುಗಳು ತುಂಬಲಿ ಎಂದು ಕಾಯುವಂತೆಯೇ ಇಲ್ಲ. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕೌಂಟ್ ಎಷ್ಟೇ ಇರಲಿ, ಹೊತ್ತು ಯಾವುದೇ ಇರಲಿ, ಅದು ತುರ್ತುಸ್ಥಿತಿ. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇರುವವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ನೋಡೋಣ ಎಂದರೆ ಜ್ವರ ಮರೆಯಾಗುತ್ತದೆ, ಸೋಂಕು ಬೆಳೆಯುತ್ತದೆ. ಪ್ಲೇಟ್‌ಲೆಟ್ 10,000ದ ಸಮೀಪ ಬಂದರೆ ರಕ್ತಸ್ರಾವ ಇಲ್ಲದಿದ್ದರೂ ಹೊರಗಿನಿಂದ ಕೊಡುವುದು ರೂಢಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಂದ ದೂರವಿರಿ. ಊರಿನ ಆಸ್ಪತ್ರೆಯಲ್ಲಿ ರಕ್ತ ಕೊಡಬೇಕಾಗಿ ಬಂದರೆ, ಕಸಿಯಾದವರಿಗೆ ವಿಕಿರಣಕ್ಕೆ ಒಡ್ಡಿದ ರಕ್ತವೇ ಬೇಕು ಎಂದು ಅಲ್ಲಿನವರಿಗೆ ತಿಳಿಸಿ. ಕಸಿ ಕೇಂದ್ರದಿಂದ ಹಾಗೆಂದು ಬರೆಸಿಕೊಂಡ ಚೀಟಿ ಯಾವಾಗಲೂ ಕಿಸೆಯಲ್ಲಿರಲಿ.

ವೈದ್ಯರನ್ನು ಕಂಡಾಗ "ಕೌಂಟ್ ಚೆನ್ನಾಗಿದೆಯಾ ಡಾಕ್ಟ್ರೇ?" ಎಂದು ಕೇಳಿದರೆ ಹೌದು, ಇಲ್ಲ ಎಂಬ ಉತ್ತರ ಬರುತ್ತದೆ, ಅಷ್ಟರಿಂದ ಏನೂ ತಿಳಿಯುವುದಿಲ್ಲ. ಕಸಿಯ ಈ ದಿನಕ್ಕೆ ಇದು ನಿರೀಕ್ಷಿತ ಮಟ್ಟವೇ, ಇಳಿಕೆಗೆ ಈಗಿನ ಔಷಧಿಗಳಲ್ಲಿ ಯಾವುದಾದರೂ ಕಾರಣವೇ, ಈ ಅಂಕಿಯಿಂದ ಮುಂದಿನ ಪರೀಕ್ಷೆಯ ದಿನವೋ ಔಷಧಿಯೋ ಬದಲಾಗುತ್ತದೆಯೇ, ರೋಗವನ್ನೇ ನೇರವಾಗಿ ನೋಡುವ ಪರೀಕ್ಷೆ ಮುಂದೆ ಯಾವಾಗ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಆ ಅಂಕಿಯ ಬಗ್ಗೆ ಚಿಂತೆ ಬಿಡಬಹುದು. ಹೌದು ಎಂದಾದರೆ ಮಾಡಬೇಕಾದ ಕೆಲಸವೂ ಅದರ ಜೊತೆಗೇ ಸಿಗುತ್ತದೆ. ಕಸಿ ಕೇಂದ್ರಗಳೂ ರೋಗಿಯನ್ನು ಮನೆಗೆ ಕಳಿಸುವಾಗ ಮಾತ್ರೆಗಳ ಪಟ್ಟಿಯ ಜೊತೆ ಇಂಥದೊಂದು ದಾಖಲೆ ಪುಸ್ತಕವನ್ನು ಕನ್ನಡದಲ್ಲೇ ಅಚ್ಚುಹಾಕಿಸಿ ಕೊಟ್ಟು, ಅರ್ಧ ಗಂಟೆ ಕುಳಿತು ವಿವರಿಸಿದರೆ, ದೂರದ ಊರಿನಲ್ಲಿರುವ ರೋಗಿಯ ತೊಂದರೆ ಆ ಕೇಂದ್ರಗಳಿಗೆ ಈಗಿನದಕ್ಕಿಂತ ಬೇಗ ತಿಳಿಯುತ್ತದೆ. ಕಸಿಗೆ ಆಗುವ ಖರ್ಚಿನ ಮುಂದೆ ಆ ಪುಸ್ತಕದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.